ಸುಟ್ಕುಸ್ ಅವರ ಸಿಂಹಾವಲೋಕನ ಪ್ರದರ್ಶನದಲ್ಲಿ ಏನು ನೋಡಬೇಕು?

ಛಾಯಾಗ್ರಾಹಕ ಅಂಟಾನಾಸ್ ಸುಟ್ಕುಸ್ ಅವರ ಸಿಂಹಾವಲೋಕನ ಪ್ರದರ್ಶನಕ್ಕೆ ಹೋಗಲಿದ್ದೀರಿ. ಸೋವಿಯತ್ ಕಾಲದ ಲಿಥುವೇನಿಯಾದ ಅಷ್ಟೊಂದು ಕಪ್ಪುಬಿಳುಪು ಚಿತ್ರಗಳಲ್ಲಿ ಏನನ್ನು ಗಮನಿಸಬೇಕು ಎಂದು ಕೇಳಿದ್ದೀರಿ.

ನನ್ನ ಸಲಹೆ, ಮೊದಲು ಗೋಡೆಯ ಮೇಲಿನ ಚೀಟಿ ಓದಿ. ಎರಡು ಇಸವಿ ಇದ್ದರೆ ಮೊದಲನೆಯದು ಚಿತ್ರ ತೆಗೆದದ್ದು, ಎರಡನೆಯದು ಪ್ರಿಂಟ್ ಹಾಕಿದ್ದು. ಸೋವಿಯತ್ ಕಾಲದಲ್ಲಿ ಹೊರಬರದ ಎಷ್ಟೋ ನೆಗೆಟಿವ್‌ಗಳನ್ನು, 1990ರಲ್ಲಿ ಲಿಥುವೇನಿಯಾ ಸ್ವಾತಂತ್ರ್ಯ ಸಾರಿದ ಮೇಲೆ, ಸುಟ್ಕುಸ್ ಮತ್ತೆ ಕೈಗೆತ್ತಿಕೊಂಡರು. ಇಸವಿಗಳು ಹತ್ತಿರ ಹತ್ತಿರ ಇದ್ದರೆ ಅದು ಆ ಕಾಲದ್ದೇ ಪ್ರಿಂಟ್. ಅದರ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಹಳೆಯ ಪ್ರಿಂಟ್‌ಗಳಲ್ಲಿ ಹಳದಿ-ಕಂದು ಕಲೆ ಕಂಡರೆ ಹೆಚ್ಚಾಗಿ ಅದು ತೊಳೆಯುವಾಗ ಆದ ಕೊರತೆ. ಫೈಬರ್ ಕಾಗದವನ್ನು, ಅಂದರೆ ಪ್ಲಾಸ್ಟಿಕ್ ಲೇಪವಿಲ್ಲದ ನಾರಿನ ಫೋಟೋ ಕಾಗದವನ್ನು, ಹರಿಯುವ ನೀರಿನಲ್ಲಿ ಸುಮಾರು ಒಂದು ಗಂಟೆ ತೊಳೆಯಬೇಕು. ನಾರಿನೊಳಗೆ ಉಳಿದ ಹೈಪೋ, ಅಂದರೆ ಚಿತ್ರವನ್ನು ಸ್ಥಿರಗೊಳಿಸುವ ರಾಸಾಯನಿಕ, ವರ್ಷಗಳ ಮೇಲೆ ಚಿತ್ರವನ್ನು ರೂಪಿಸಿದ ಬೆಳ್ಳಿಯನ್ನು ಕೆಡಿಸುತ್ತದೆ.

'ಪಯೊನೀರ್' (ಇಗ್ನಾಲಿನಾ, 1964) ಚಿತ್ರವನ್ನು ಮಾತ್ರ ಅವಸರದಲ್ಲಿ ದಾಟಬೇಡಿ. ಬೋಳಿಸಿದ ತಲೆಯ ಹುಡುಗ, ಕುತ್ತಿಗೆಗೆ ಪಯೊನೀರ್ ಸ್ಕಾರ್ಫ್. ಕಮ್ಯುನಿಸ್ಟ್ ಮಕ್ಕಳ ಸಂಘಟನೆಯ ಆ ಸ್ಕಾರ್ಫ್ ನಿಜದಲ್ಲಿ ಕೆಂಪು. ಕಪ್ಪುಬಿಳುಪು ಫಿಲ್ಮಿನಲ್ಲಿ ಅದು ಬೂದಾಗಿ ಹಿಂದೆ ಸರಿದು, ನೋಟವೆಲ್ಲ ಹುಡುಗನ ಕಣ್ಣುಗಳಿಗೆ ಹೋಗುತ್ತದೆ. ಪಕ್ಷದ ಪತ್ರಿಕೆಗಳಿಗೆ ನಗುವ ಪಯೊನೀರ್‌ಗಳು ಬೇಕಿದ್ದ ಕಾಲ ಅದು. ಈ ಹುಡುಗ ನಗುವುದಿಲ್ಲ. ಇದು ವ್ಯವಸ್ಥೆಯ ವಿರುದ್ಧದ ಹೇಳಿಕೆ ಎಂದು ಓದಿ ಅಲ್ಲಿಗೇ ಬಿಟ್ಟರೆ ಹುಡುಗ ಕೈತಪ್ಪಿಹೋಗುತ್ತಾನೆ.

ಪ್ರಿಂಟಿನ ಗುಣ ತಿಳಿಯಲು 1965ರಲ್ಲಿ ಲಿಥುವೇನಿಯಾದ ಕಡಲತೀರದ ನಿಡಾದ ಮರಳು ದಿಬ್ಬದ ಮೇಲೆ ತೆಗೆದ ಫ್ರೆಂಚ್ ತತ್ವಜ್ಞಾನಿ ಸಾರ್ತ್ರೆ ಅವರ ಚಿತ್ರ ಒಳ್ಳೆಯದು. ಕೈಗಳನ್ನು ಬೆನ್ನ ಹಿಂದೆ ಇಟ್ಟು ಮುಂದಕ್ಕೆ ಬಾಗಿ ನಡೆಯುತ್ತಿದ್ದಾರೆ, ಕಪ್ಪು ಕೋಟು, ಬೆಳ್ಳನೆ ಮರಳು. ಕಾಂಟ್ರಾಸ್ಟ್ (ಕಪ್ಪು-ಬಿಳುಪಿನ ನಡುವಿನ ಅಂತರ) ಹೆಚ್ಚಾದರೆ ಮರಳು ಖಾಲಿ ಕಾಗದವಾಗುತ್ತದೆ, ಕೋಟು ಶಾಯಿಯ ಚುಕ್ಕೆಯಾಗುತ್ತದೆ. ಒಳ್ಳೆಯ ಪ್ರಿಂಟಿನಲ್ಲಿ ಮರಳಿನ ಮೈಯೂ ಬಟ್ಟೆಯ ಮಡಿಕೆಯೂ ಒಟ್ಟಿಗೆ ಉಳಿಯುತ್ತವೆ. ಈ ಚಿತ್ರ ಎಷ್ಟೋ ಸಲ ಫ್ರೆಂಚ್ ಛಾಯಾಗ್ರಾಹಕ ಕಾರ್ಟಿಯೇ ಬ್ರೆಸೋನ್ ಹೆಸರಲ್ಲಿ ಓಡಾಡಿದೆ, ಅದು ತಪ್ಪು.

ಹಳೆಯ ಪ್ರಿಂಟ್‌ಗಳ ರಕ್ಷಣೆಗೆಂದು ಬೆಳಕನ್ನು ಸಾಮಾನ್ಯವಾಗಿ 50ರಿಂದ 100 ಲಕ್ಸ್‌ಗೆ (ಲಕ್ಸ್ ಬೆಳಕಿನ ಅಳತೆ) ಇಳಿಸಿರುತ್ತಾರೆ. ಬಿಸಿಲಿನಿಂದ ಬಂದ ತಕ್ಷಣ ನೋಡಿದರೆ ಕಪ್ಪೆಲ್ಲ ಒಂದೇ ಕಪ್ಪು. ಐದು ನಿಮಿಷ ಕಾಯಿರಿ. ಗಾಜಿನಲ್ಲಿ ಪ್ರತಿಬಿಂಬ ಬಿದ್ದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ.

ಬಿಡುವಿದ್ದರೆ ಲಿಥುವೇನಿಯಾದ ಇನ್ನೊಬ್ಬ ಛಾಯಾಗ್ರಾಹಕ ಮಾಟ್ಸಿಯೌಸ್ಕಾಸ್ ಅವರ ಹಳ್ಳಿಸಂತೆಯ ಚಿತ್ರಗಳನ್ನೂ ಹುಡುಕಿ ನೋಡಿ. 1969ರಲ್ಲಿ ಲಿಥುವೇನಿಯಾದಲ್ಲಿ ಹುಟ್ಟಿದ ಛಾಯಾಚಿತ್ರ ಕಲಾ ಸಂಘದ ಬಳಗದವರೇ ಅವರು. ವೈಡ್ ಆಂಗಲ್ ಲೆನ್ಸ್ ಹಿಡಿದು ಸಂತೆಯ ನಡುವೆ ನುಗ್ಗುತ್ತಾರೆ, ಚೌಕಟ್ಟು ಓರೆಯಾಗುತ್ತದೆ. ಅದೇ ಹಳ್ಳಿಯವರ ಮುಂದೆ ಸುಟ್ಕುಸ್ ಎಷ್ಟು ನಿಧಾನವಾಗಿ ನಿಂತಿದ್ದರು ಎಂಬುದು ಆಗ ಕಾಣುತ್ತದೆ.