ವಿಟಮಿನ್ ಎ ಕಡಿಮೆಯಾದದ್ದು ನಿಮ್ಮ ಅಡುಗೆಯಿಂದಲ್ಲ

ಮದ್ದೂರು ಕಡೆಯ ಹಳ್ಳಿಯೊಂದರಿಂದ ಓದುಗರೊಬ್ಬರು ಬರೆದಿದ್ದಾರೆ: 'ನಮ್ಮ ಮಾವನವರಿಗೆ ಬಾಯಿ ಕ್ಯಾನ್ಸರ್. ಚಿಕ್ಕ ವಯಸ್ಸಿನಿಂದ ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹೊಗೆಸೊಪ್ಪು ಹಾಕ್ತಾ ಇದ್ರು. ಮೈಸೂರಿನಲ್ಲಿ ತೋರಿಸ್ತಾ ಇದ್ದೀವಿ. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಎ ಕಡಿಮೆ, ಕೊಲೆಸ್ಟ್ರಾಲ್ 112 ಅಂತ ಬಂದಿದೆ. ಸೊಪ್ಪು ತರಕಾರಿ ಸರಿಯಾಗಿ ಹಾಕಿದ್ದರೆ ಹೀಗಾಗ್ತಿರಲಿಲ್ಲ ಅಂತ ನಾದಿನಿ ಅಂತಾರೆ. ಕೊಲೆಸ್ಟ್ರಾಲ್ ಇಳಿದದ್ದು ಒಳ್ಳೇದೇ ಆಯ್ತು ಅಂತ ನೆಂಟರು ಅಂತಾರೆ. ವಿಟಮಿನ್ ಎ ಮಾತ್ರೆ ತಂದುಕೊಡಲಾ?'

ಸಂಪಾದಕರ ಉತ್ತರ:

ಮೊದಲು ನಿಮ್ಮ ಮನಸ್ಸಿನ ಭಾರ ಇಳಿಯಲಿ ಅಮ್ಮಾ. ಈ ಕಾಯಿಲೆ ನಿಮ್ಮ ಅಡುಗೆಯಿಂದ ಬಂದದ್ದಲ್ಲ. ಮಾವನವರು ಚಿಕ್ಕ ವಯಸ್ಸಿನಿಂದ ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕುತ್ತಿದ್ದರು ಎಂದು ನೀವೇ ಬರೆದಿದ್ದೀರಿ. ನಮ್ಮ ದೇಶದಲ್ಲಿ ಬಾಯಿ ಕ್ಯಾನ್ಸರಿಗೆ ದೊಡ್ಡ ಕಾರಣ ಅದೇ. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಹೇಳಿದೆ.

ಹಾಗಾದರೆ ವಿಟಮಿನ್ ಎ ಯಾಕೆ ಇಳಿಯಿತು? ನಮ್ಮ ಮೈಯಲ್ಲಿರುವ ವಿಟಮಿನ್ ಎ ಬಹುಪಾಲು ಲಿವರಿನಲ್ಲಿ ಕೂಡಿಟ್ಟಿರುತ್ತದೆ. ಲಿವರೇ ತಯಾರಿಸುವ ಒಂದು ಪ್ರೋಟೀನ್ ಅದನ್ನು ಹೊತ್ತು ರಕ್ತಕ್ಕೆ ತರುತ್ತದೆ. ಮೈಯೊಳಗೆ ಉರಿಯೂತ ಅಥವಾ ಸೋಂಕು ಇದ್ದರೆ, ಊಟ ಸೇರದೆ ಇದ್ದರೆ, ಆ ಪ್ರೋಟೀನ್ ಕಡಿಮೆಯಾಗುತ್ತದೆ. ಗದ್ದೆ ತುಂಬ ಕಬ್ಬಿದ್ದರೂ ಗಾಡಿ ಇಲ್ಲದಿದ್ದರೆ ಕಾರ್ಖಾನೆಗೆ ಹೋಗಲ್ಲ, ಅಲ್ವಾ? ಹಾಗೇ, ಲಿವರಿನಲ್ಲಿ ದಾಸ್ತಾನು ಇದ್ದೂ ರಕ್ತದಲ್ಲಿ ಕಡಿಮೆ ಕಾಣಬಹುದು. ಡೆಸಿಲೀಟರಿಗೆ 20 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಎನ್ನುತ್ತಾರೆ, ನಿಜ. ಆದರೆ ಕ್ಯಾನ್ಸರ್ ಇರುವವರಲ್ಲಿ ಆ ಒಂದು ಅಂಕಿ ನೋಡಿ ತೀರ್ಮಾನ ಮಾಡಲಾಗದು.

ಕೊಲೆಸ್ಟ್ರಾಲಿನದೂ ಹೆಚ್ಚು ಕಡಿಮೆ ಇದೇ ಕಥೆ. ಹೊಸ ಜೀವಕೋಶ ಹುಟ್ಟಬೇಕಾದರೆ ಅದರ ಹೊದಿಕೆಗೆ ಕೊಲೆಸ್ಟ್ರಾಲ್ ಬೇಕು. ಕ್ಯಾನ್ಸರ್ ಕೋಶಗಳು ಬೇಗ ಬೇಗ ಬೆಳೆಯುತ್ತವೆ, ರಕ್ತದಿಂದ ಅದನ್ನು ಎಳೆದುಕೊಳ್ಳುತ್ತವೆ. ಜೊತೆಗೆ ನುಂಗಲಾಗದೆ ಊಟವೂ ಕಡಿಮೆ. ಕೊಲೆಸ್ಟ್ರಾಲ್ ಕಡಿಮೆ ಇರುವುದರಿಂದಲೇ ಕ್ಯಾನ್ಸರ್ ಬರುತ್ತದೇನೋ ಎಂದು ಹಿಂದೆ ಸಂಶೋಧಕರೂ ಗಾಬರಿಪಟ್ಟಿದ್ದರು. ವರ್ಷಗಟ್ಟಲೆ ಜನರನ್ನು ಗಮನಿಸಿದಾಗ, ಬಹಳ ಮಟ್ಟಿಗೆ ಅದು ಒಳಗೇ ಅಡಗಿದ್ದ ಕಾಯಿಲೆಯ ಪರಿಣಾಮ ಎಂದು ಕಂಡಿತು. ಆದ್ದರಿಂದ ಈ 112 ನೋಡಿ ಖುಷಿಪಡುವಂಥದ್ದೇನೂ ಇಲ್ಲ. ಅವರ ತೂಕ ಇಳಿದಿದೆಯಾ ನೋಡಿ. ಹೃದಯಕ್ಕೋ ಕೊಲೆಸ್ಟ್ರಾಲಿಗೋ ಮಾತ್ರೆ ನುಂಗುತ್ತಿದ್ದರೆ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಇನ್ನು ಮಾತ್ರೆ. ದಯವಿಟ್ಟು ನೀವಾಗಿಯೇ ತರಬೇಡಿ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ಒಂದು ಅಧ್ಯಯನ ನಡೆಯಿತು. ಮೈಯಲ್ಲಿ ವಿಟಮಿನ್ ಎ ಆಗಿ ಬದಲಾಗುವ ಬೀಟಾ ಕ್ಯಾರೊಟಿನ್ ಮಾತ್ರೆಯನ್ನು ಕೆಲವರಿಗೆ ಕೊಟ್ಟರು. ಕ್ಯಾನ್ಸರ್ ಇಳಿಯುತ್ತದೆ ಎಂಬ ಆಸೆ. 1994ರಲ್ಲಿ ಫಲಿತಾಂಶ ಬಂದಾಗ, ಮಾತ್ರೆ ನುಂಗಿದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿ! ಅಮೆರಿಕದಲ್ಲಿ ಬೀಟಾ ಕ್ಯಾರೊಟಿನ್ ಜೊತೆ ವಿಟಮಿನ್ ಎ ಕೂಡ ಕೊಟ್ಟ ಇನ್ನೊಂದು ಅಧ್ಯಯನದಲ್ಲಿ ಅದು ಶೇ. 28ರಷ್ಟು ಹೆಚ್ಚಿತು. 1996ರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ವಿಟಮಿನ್ ಎ ಹೆಚ್ಚಾದರೆ ಮೂತ್ರದಲ್ಲಿ ಹೋಗಿಬಿಡುವುದಿಲ್ಲ, ಲಿವರಿನಲ್ಲಿ ಸೇರಿಕೊಳ್ಳುತ್ತದೆ. ತಲೆನೋವು, ವಾಂತಿ, ಲಿವರಿಗೇ ಹಾನಿ. ಒಂದು ಬಗೆಯ ರಕ್ತ ಕ್ಯಾನ್ಸರಿಗೆ ವಿಟಮಿನ್ ಎಯಿಂದ ಬಂದ ಔಷಧಿ ಅದ್ಭುತವಾಗಿ ಕೆಲಸ ಮಾಡುತ್ತದೆ. ಆದರೆ ಅದು ಆಸ್ಪತ್ರೆಯವರೇ ಅಳೆದು ಕೊಡುವ ಔಷಧಿ.

ಊಟದ ವಿಟಮಿನ್ನಿಗೆ ಈ ಭಯ ಬೇಡ. ಬೇಯಿಸಿದ ಮೊಟ್ಟೆ, ಹಾಲು ಕೊಡಿ. ಸಿಹಿ ಕುಂಬಳಕಾಯಿಯನ್ನು ಬೇಯಿಸಿ ನುಣ್ಣಗೆ ಕಿವುಚಿ ಒಂದು ಚಮಚ ತುಪ್ಪ ಹಾಕಿ, ಜಿಡ್ಡು ಇದ್ದರೇ ಅದರ ಸತ್ವ ಮೈಗೆ ಹತ್ತುವುದು. ನುಗ್ಗೆ ಸೊಪ್ಪನ್ನು ಬೇಳೆ ಜೊತೆ ಬೇಯಿಸಿ ಅರೆದು ಕೊಡಿ. ಮುದ್ದೆ ನುಂಗಲಾಗದಿದ್ದರೆ ರಾಗಿ ಗಂಜಿ. ಉಪ್ಸಾರಿನ ಖಾರ ಮಾತ್ರ ಸದ್ಯಕ್ಕೆ ಬೇಡ, ಬಾಯಿ ಉರಿಯುತ್ತದೆ.

ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ಮುಂದಿನ ಸಲ ಮೈಸೂರಿಗೆ ಹೋದಾಗ ಆ ಚೀಟಿ ತೋರಿಸಿ, ಡಯಟಿಷಿಯನ್ ಹತ್ತಿರ ಕಳಿಸಿ ಎಂದು ನೀವೇ ಕೇಳಿ. ಬಾಯಲ್ಲಿ ಏನೂ ಇಳಿಯದಿದ್ದರೆ ಮೂಗಿನಿಂದ ಟ್ಯೂಬ್ ಹಾಕೋಣ ಎಂದು ಡಾಕ್ಟರು ಹೇಳಬಹುದು. ಗಾಬರಿಯಾಗಿ ಬೇಡ ಎನ್ನಬೇಡಿ. ಎಷ್ಟೋ ಜನಕ್ಕೆ ಬಾಯಿ ಹುಣ್ಣು ಮಾಯುವವರೆಗೆ ಮಾತ್ರ ಅದು ಬೇಕಾಗುತ್ತದೆ.