ಮೂರು ಹೆಣ್ಣಾದ್ಮೇಲೆ ನಾಲ್ಕನೇದು ಗಂಡೇ ಆಗುತ್ತಾ?

ನೀವು ಕೇಳಿರೋದು ಇಷ್ಟು: ನಿಮ್ ಭಾವನವ್ರಿಗೆ ಮೂರೂ ಹೆಣ್ಣುಮಕ್ಕಳು, ಸಾಲಾಗಿ ನಾಲ್ಕು ಹೆಣ್ಣಾಗೋ ಚಾನ್ಸ್ 16ರಲ್ಲಿ 1 ಮಾತ್ರ, ಹಾಗಾಗಿ ಲೆಕ್ಕದ ಪ್ರಕಾರ ನಾಲ್ಕನೇದು ಗಂಡೇ ಅಂತ ಮನೇಲಿ ಎಲ್ರೂ ಅಂತಿದಾರೆ, ಸರಿನಾ?

ಸರಿ ಇಲ್ಲ. 16ರಲ್ಲಿ 1 ಅನ್ನೋದು ಹೆಚ್ಚುಕಮ್ಮಿ ನಿಜ, ಆದ್ರೆ ಅದು ಮದುವೆ ದಿನ ಕೂತು ಹಾಕ್ಬೇಕಾದ ಲೆಕ್ಕ. ಮೂರು ಮಕ್ಕಳು ಹುಟ್ಟಿ ಯೂನಿಫಾರ್ಮ್ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿರೋವಾಗ ಅವ್ರನ್ನ ಇನ್ನೂ ಚಾನ್ಸ್ ಅಂತ ಹೇಗ್ರೀ ಗುಣಿಸ್ತೀರಾ, ಅದು ಆಗಿಹೋದ ವಿಷ್ಯ. ಉಳಿದಿರೋದು ಒಂದೇ ಹೆರಿಗೆ. ಸಹಜವಾಗಿ 100 ಹೆಣ್ಣಿಗೆ ಸುಮಾರು 105 ಗಂಡು ಹುಟ್ತವೆ, ಅಂದ್ರೆ ಗಂಡಾಗೋ ಚಾನ್ಸ್ 51 ಪರ್ಸೆಂಟ್ ಹತ್ರ, ಮೊದಲನೇದಕ್ಕೂ ಅಷ್ಟೇ ನಾಲ್ಕನೇದಕ್ಕೂ ಅಷ್ಟೇ.

ಇದು ನಮ್ಮೋರದ್ದು ಮಾತ್ರ ಅಲ್ಲ ಬಿಡಿ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ 1814ರಲ್ಲೇ ಬರೆದಿದಾನೆ, ಗಂಡುಮಗು ಬೇಕು ಅಂತಿದ್ದ ಅಪ್ಪಂದಿರಿಗೆ ತಮ್ಮನೇಲಿ ಹೆರಿಗೆ ಆಗ್ಬೇಕಿರೋ ತಿಂಗಳು ಬೇರೆಯವ್ರ ಮನೇಲಿ ಗಂಡು ಹುಟ್ತು ಅಂತ ಕೇಳಿದ್ರೆ ಟೆನ್ಷನ್ ಆಗ್ತಿತ್ತಂತೆ, ಗಂಡಿನ ಕೋಟಾ ಖಾಲಿ ಆಗ್ತಿದೆ ಅನ್ನೋ ಥರ!

ಇನ್ನೊಂದು, ಟಾಸ್. 2023ರ ವರ್ಲ್ಡ್ ಕಪ್ ಫೈನಲ್ಲಿಂದ ಶುರುವಾಗಿ ಇಂಡಿಯಾ ಒನ್‌ಡೇಲಿ ಸತತ 20 ಟಾಸ್ ಸೋತಿತ್ತು, 2025ರ ಡಿಸೆಂಬರ್‌ನಲ್ಲಿ ವಿಶಾಖಪಟ್ಟಣದಲ್ಲಿ ನಮ್ಮ ಕೆ.ಎಲ್. ರಾಹುಲ್ ಎಡಗೈಲಿ ಕಾಯಿನ್ ಚಿಮ್ಮಿ ಗೆದ್ರು. 20 ಸಲ ಸೋಲೋದು 10,48,576ರಲ್ಲಿ ಒಂದು ಚಾನ್ಸ್, ಹಾಗಂತ 21ನೇ ಟಾಸ್ ಗೆಲ್ಲೋದು ಗ್ಯಾರಂಟಿ ಏನಲ್ಲ, ಆವತ್ತೂ ಫಿಫ್ಟಿ ಫಿಫ್ಟಿನೇ, ಎಡಗೈ ಆದ್ರೂ ಬಲಗೈ ಆದ್ರೂ.

"ಹಂಗಾದ್ರೆ ಕೊನೆಗೆ ಎಲ್ಲ ಸಮ ಆಗುತ್ತೆ ಅಂತಾರಲ್ಲ?" ಆಗುತ್ತೆ, ಆದ್ರೆ ಜನ ಅಂದ್ಕೊಂಡ ಥರ ಅಲ್ಲ. 20 ಸೋತ್ಮೇಲೆ ಇನ್ನೂ 980 ಟಾಸ್ ಆಡಿ, ಸರಿಯಾಗಿ ಅರ್ಧ, 490, ಗೆದ್ರಿ ಅಂದ್ಕೊಳ್ಳಿ. ಒಟ್ಟು 1000ಕ್ಕೆ 490, ಅಂದ್ರೆ 49 ಪರ್ಸೆಂಟ್, ನೋಡೋಕೆ ಸಮ. ಆದ್ರೆ ಸೋತಿದ್ದು 510, ಆ 20ರ ಗ್ಯಾಪ್ ಅಲ್ಲೇ ಕೂತಿದೆ. ಸಾರಿಗೆ ಉಪ್ಪು ಜಾಸ್ತಿ ಆದ್ರೆ ನೀರು ಹಾಕ್ತೀವಲ್ಲ, ಉಪ್ಪೇನು ಪಾತ್ರೆ ಬಿಟ್ಟು ಹೋಗಲ್ಲ, ನಾಲಿಗೆಗೆ ಗೊತ್ತಾಗಲ್ಲ ಅಷ್ಟೇ. ಕಾಯಿನ್ ಯಾರ ಸಾಲಾನೂ ತೀರ್ಸಲ್ಲ.

ನನಗೆ ಇದು ತಲೆಗೆ ಹೋಗಿದ್ದು ಚೌಕಾಬಾರದಿಂದ. ಬೇಸಿಗೆ ರಜೇಲಿ ಅಜ್ಜಿ ಮನೇಲಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಕವಡೆ ಸಿಗದೆ ಹುಣಸೆಬೀಜನ ಒಂದು ಕಡೆ ಕಲ್ಲಿಗೆ ತೇದು ನಾಲ್ಕು ಮಾಡ್ಕೊಂಡು ಆಡ್ತಿದ್ವಿ. ನಾಲ್ಕೂ ಬೋರಲು ಬಿದ್ರೆ ಬಾರಾ, ಎಂಟು ಮನೆ. ಎರಡು ಬದಿನೂ ಸಮ ಬೀಳೋದಾದ್ರೆ ಬಾರಾಗೂ 16ರಲ್ಲಿ 1. "ಇಷ್ಟೊತ್ತು ಬಿದ್ದಿಲ್ಲ, ಈಗ ಬೀಳ್ಲೇಬೇಕು" ಅಂತ ನಾನು ಕೂಗೋದು, ಬೀಳೋದು ಎರಡೋ ಮೂರೋ. ನಮ್ಮಜ್ಜಿ ಒಂದಿನ ಬೀಜ ಕೈಗೆ ತಗೊಂಡು ನೋಡಿ, "ಇದು ಸರಿಯಾಗಿ ತೇದಿಲ್ಲ ಕಣೋ, ಬೋರಲು ಎಲ್ಲಿ ಬೀಳುತ್ತೆ" ಅಂದ್ರು. ಅಂದ್ರೆ ತುಂಬಾ ಹೊತ್ತು ಬಾರಾ ಬೀಳ್ದೆ ಇದ್ರೆ ಬೀಜದ ಮೇಲೆ ಅನುಮಾನ ಪಡ್ಬೇಕು, ಮುಂದೆನೂ ಕಮ್ಮಿನೇ ಬೀಳುತ್ತೆ ಅನ್ಬೇಕು, ನಾನು ಪೂರ್ತಿ ಉಲ್ಟಾ ಅಂದ್ಕೊಂಡಿದ್ದೆ.

ಇದನ್ನ ಓದಿ ನಿಮ್ಮನೇಲಿ ಯಾರಾದ್ರೂ "ನೋಡು, ಅವ್ರ ವಂಶದಲ್ಲೇ ಬರೀ ಹೆಣ್ಣು" ಅಂತ ಶುರು ಮಾಡಿದ್ರೆ ಅದೂ ನಿಲ್ಲಲ್ಲ. ಬೀಜನ ನಾವು ಒಂದು ಮಧ್ಯಾಹ್ನಕ್ಕೆ ನೂರಾರು ಸಲ ಹಾಕ್ತಿದ್ವಿ, ಇಲ್ಲಿರೋದು ಮೂರೇ ಹೆರಿಗೆ. ಬರೀ ಮೂರು ಮಕ್ಕಳಿರೋ ಮನೆಗಳಲ್ಲಿ ಎಂಟಕ್ಕೆ ಸುಮಾರು ಒಂದು ಮನೇಲಿ ಮೂರೂ ಹೆಣ್ಣೇ ಇರ್ತವೆ, ಯಾರ ವಂಶದ ತಂಟೆಯೂ ಇಲ್ದೆ.