‘ಬರ ಗೆಲ್ಲುವ ಜೀನ್’ ಲೇಖನ ಕಳುಹಿಸಿದವರಿಗೆ

ಪ್ರಿಯರೇ,

ನೀವು ಕಳುಹಿಸಿದ ‘ಬರ ಗೆಲ್ಲುವ ಜೀನ್’ ಎಂಬ ಹದಿನಾಲ್ಕು ಪುಟಗಳ ಲೇಖನವನ್ನು ಎರಡು ಬಾರಿ ಓದಿದೆ. ಮಳೆ ಕೈಕೊಟ್ಟಾಗ ರಾಗಿ ಪೈರು ತನ್ನ ಜೀನ್‌ಗಳನ್ನು ‘ಬದಲಾಯಿಸಿಕೊಂಡು’ ಬದುಕುಳಿಯುತ್ತದೆ ಎಂಬುದು ಅದರ ಸಾರ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಹಾಗೆಂದು ‘ವಿಷಾದದಿಂದ ಹಿಂದಿರುಗಿಸಿದೆ’ ಎಂಬ ಎರಡು ಸಾಲು ಗೀಚಿ ಕಳುಹಿಸುವುದಕ್ಕೂ ಮನಸ್ಸು ಬರಲಿಲ್ಲ. ಕನ್ನಡದಲ್ಲಿ ಈ ವಿಷಯದ ಬಗ್ಗೆ ಬರೆಯುವವರು ಕಡಿಮೆ, ಮತ್ತು ನಿಮ್ಮ ಐದನೆಯ ಪುಟದಲ್ಲಿರುವ ಒಂದು ವಾಕ್ಯವನ್ನು ಹೊಲ ನೋಡಿದವರು ಮಾತ್ರ ಬರೆಯಬಲ್ಲರು. ಆ ವಾಕ್ಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ದೊಡ್ಡ ತಪ್ಪಿನ ಮಾತು. ‘ಬರ ಬಂದಾಗ ಸಸ್ಯದ ಜೀನ್‌ಗಳು ಬದಲಾಗುತ್ತವೆ’ ಎಂದು ನಾಲ್ಕು ಕಡೆ ಬರೆದಿದ್ದೀರಿ. ಬದಲಾಗುವುದಿಲ್ಲ. ಒಣಗುತ್ತಿರುವ ಹೊಲದಲ್ಲಿ ನಿಂತ ರಾಗಿ ಗಿಡದ ಜೀವಕೋಶಗಳಲ್ಲಿ ಇರುವ ಡಿಎನ್‌ಎ, ಹೋದ ವಾರ ಮಳೆಯಲ್ಲಿ ನೆನೆಯುತ್ತಿದ್ದಾಗ ಅದೇ ಗಿಡದಲ್ಲಿ ಇದ್ದ ಡಿಎನ್‌ಎಯೇ. ಬೇರಿನಲ್ಲಿ ಇರುವುದೂ ಅದೇ, ತೆನೆಯಲ್ಲಿ ಇರುವುದೂ ಅದೇ. ವ್ಯತ್ಯಾಸವಾಗುವುದು ಯಾವ ಜೀನಿನಿಂದ ಎಷ್ಟು ಆರ್‌ಎನ್‌ಎ ಪ್ರತಿಗಳು ತಯಾರಾಗುತ್ತವೆ, ಅವು ಎಷ್ಟು ಹೊತ್ತು ಉಳಿಯುತ್ತವೆ, ಅವುಗಳಿಂದ ಎಷ್ಟು ಪ್ರೋಟೀನು ಹುಟ್ಟುತ್ತದೆ ಎಂಬುದರಲ್ಲಿ. ಇದನ್ನೇ ಜೀನ್ ಅಭಿವ್ಯಕ್ತಿ ಎನ್ನುವುದು. ಈ ಭೇದವನ್ನು ನೀವು ಓದಿಲ್ಲವೆಂದು ನಾನು ಭಾವಿಸುವುದಿಲ್ಲ, ಏಕೆಂದರೆ ಒಂಬತ್ತನೆಯ ಪುಟದಲ್ಲಿ ಸರಿಯಾಗಿಯೇ ಹೇಳಿದ್ದೀರಿ. ಆದರೆ ಓದುಗ ಒಂಬತ್ತನೆಯ ಪುಟಕ್ಕೆ ಬರುವ ವೇಳೆಗೆ ಬರದಿಂದ ಜೀನು ಮಾರ್ಪಟ್ಟು ಹೊಸ ತಳಿಯೇ ಹುಟ್ಟುತ್ತದೆ ಎಂದು ನಂಬಿಬಿಟ್ಟಿರುತ್ತಾನೆ.

ಹೋಲಿಕೆ ಬೇಕೆಂದರೆ ಒಂದೇ ಒಂದನ್ನು ಆರಿಸಿಕೊಂಡು ಅದರಲ್ಲೇ ಗಟ್ಟಿಯಾಗಿ ನಿಲ್ಲಿ. ನಿಮ್ಮ ಮೂರನೆಯ ಪುಟದಲ್ಲಿ ಜೀನು ಮೊದಲು ಸೈನಿಕ, ಆಮೇಲೆ ಸ್ವಿಚ್ಚು, ಪ್ಯಾರಾ ಮುಗಿಯುವಷ್ಟರಲ್ಲಿ ಅಡುಗೆಭಟ್ಟ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂಲ ದಾಖಲೆ ಕಪಾಟಿನಿಂದ ಕದಲುವುದಿಲ್ಲ, ಅರ್ಜಿ ಬಂದಷ್ಟು ನಕಲು ಪ್ರತಿಗಳು ಹೊರಗೆ ಹೋಗುತ್ತವೆ, ಕೆಲವು ದಾಖಲೆಗಳ ನಕಲನ್ನು ವರ್ಷಗಟ್ಟಲೆ ಯಾರೂ ಕೇಳುವುದಿಲ್ಲ, ಬರ ಪರಿಹಾರ ಘೋಷಣೆಯಾದ ದಿನ ಅದೇ ದಾಖಲೆಗೆ ಸಾಲು ನಿಲ್ಲುತ್ತಾರೆ. ನನಗೆ ತೋಚಿದ ಹೋಲಿಕೆ ಇದು. ನಿಮಗೆ ಇದಕ್ಕಿಂತ ಒಳ್ಳೆಯದು ಸಿಕ್ಕರೆ ಸಂತೋಷ, ಆದರೆ ಸೈನಿಕರನ್ನು ದಯವಿಟ್ಟು ಮನೆಗೆ ಕಳುಹಿಸಿ.

ಈಗ ಐದನೆಯ ಪುಟದ ಆ ವಾಕ್ಯ. ‘ಮಧ್ಯಾಹ್ನ ಸುರುಳಿ ಸುತ್ತಿಕೊಂಡ ರಾಗಿ ಗರಿ ಸಂಜೆ ದನ ಹಟ್ಟಿಗೆ ಬರುವ ಹೊತ್ತಿಗೆ ಮತ್ತೆ ಬಿಚ್ಚಿಕೊಂಡಿರುತ್ತದೆ ಎಂದು ಅವ್ವ ತೋರಿಸಿದಳು’ ಎಂದು ಬರೆದಿದ್ದೀರಿ. ಲೇಖನ ಇಲ್ಲಿಂದ ಶುರುವಾಗಬೇಕು. ಇದಕ್ಕೆ ಮುಂಚಿನ ನಾಲ್ಕು ಪುಟಗಳಲ್ಲಿ ಇರುವ ಜಗತ್ತಿನ ಜನಸಂಖ್ಯೆ, ಹವಾಮಾನ ವೈಪರೀತ್ಯ, ಆಹಾರ ಭದ್ರತೆಯ ಸವಾಲು ಎಲ್ಲವನ್ನೂ ಓದುಗ ಬೇರೆ ಕಡೆ ನೂರು ಸಲ ಓದಿದ್ದಾನೆ. ಆದರೆ ಇಷ್ಟು ಚೆನ್ನಾಗಿ ನೋಡಿದ ಮೇಲೆ ಮುಂದಿನ ಸಾಲಿನಲ್ಲೇ ‘ಇದು ಬರ ನಿರೋಧಕ ಜೀನ್‌ಗಳ ಕೆಲಸ’ ಎಂದು ಎಡವಿದ್ದೀರಿ. ಗರಿ ಸುರುಳಿ ಸುತ್ತುವುದು ಎಲೆಯ ಮೇಲ್ಪದರದಲ್ಲಿರುವ ಕೆಲವು ದೊಡ್ಡ ಜೀವಕೋಶಗಳು ನೀರು ಕಳೆದುಕೊಂಡು ಕುಸಿಯುವುದರಿಂದ. ಸಂಜೆ ನೀರು ತುಂಬಿಕೊಂಡಾಗ ಅವು ಉಬ್ಬುತ್ತವೆ, ಗರಿ ಬಿಚ್ಚುತ್ತದೆ. ಆ ಕ್ಷಣದ ಚಲನೆಗೆ ಹೊಸ ಆರ್‌ಎನ್‌ಎ ಬೇಕಿಲ್ಲ. ಎಲೆಯ ಉಸಿರಾಟದ ಸಣ್ಣ ಕಿಂಡಿಯಾದ ಪತ್ರರಂಧ್ರ ಮುಚ್ಚುವುದೂ ಹಾಗೆಯೇ: ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ತಲುಪಿದ ಕೆಲವೇ ನಿಮಿಷಗಳಲ್ಲಿ, ಆಗಲೇ ಸಿದ್ಧವಿರುವ ಪ್ರೋಟೀನುಗಳ ಬಲದಿಂದ ಅದು ಮುಚ್ಚಲು ತೊಡಗುತ್ತದೆ. ಜೀನ್ ಅಭಿವ್ಯಕ್ತಿಯ ಕಥೆ ಗಂಟೆಗಳ ಲೆಕ್ಕದ್ದು, ದಿನಗಳ ಲೆಕ್ಕದ್ದು. ನಿಮಿಷದಲ್ಲಿ ಆಗುವುದು, ಗಂಟೆಯಲ್ಲಿ ಆಗುವುದು, ವಾರದಲ್ಲಿ ಆಗುವುದು ಎಂದು ಮೂರನ್ನೂ ಬಿಡಿಸಿ ಬರೆದರೆ ನಿಮ್ಮ ಲೇಖನದ ಅರ್ಧ ಗೊಂದಲ ತಾನಾಗಿ ಕರಗುತ್ತದೆ.

ಅಬ್ಸಿಸಿಕ್ ಆಮ್ಲದ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ, ನಿಲ್ಲಬೇಕಾಗಿದ್ದದ್ದು ಅಲ್ಲೇ. ಈ ವ್ಯವಸ್ಥೆ ನೀವು ಬರೆದಂತೆ ‘ಒತ್ತಿದರೆ ಹತ್ತುವ ಗುಂಡಿ’ ಅಲ್ಲ. ನೀರು ಸಾಕಷ್ಟಿರುವಾಗ ಪಿಪಿ2ಸಿ ಎಂಬ ಕಿಣ್ವಗಳು ಸ್ನರ್ಕ್2 ಎಂಬ ಬೇರೆ ಕಿಣ್ವಗಳನ್ನು ಏಳಲು ಬಿಡದೆ ಅದುಮಿ ಹಿಡಿದಿರುತ್ತವೆ. ಬೇರಿಗೆ ನೀರು ಸಾಲದಾದಾಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲ ಹೆಚ್ಚುತ್ತದೆ, ಅದು ತನ್ನ ಗ್ರಾಹಕ ಪ್ರೋಟೀನಿನ ಗೂಡಿನಲ್ಲಿ ಕೂತಾಗ ಆ ಗ್ರಾಹಕ ಹೋಗಿ ಪಿಪಿ2ಸಿಯನ್ನು ಕಚ್ಚಿಕೊಳ್ಳುತ್ತದೆ, ಅದುಮಿದ್ದ ಕೈ ಸಡಿಲವಾಗಿ ಸ್ನರ್ಕ್2 ಎದ್ದು ನಿಲ್ಲುತ್ತದೆ, ಅದು ಕೋಶಕೇಂದ್ರದಲ್ಲಿರುವ ಕೆಲವು ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುತ್ತದೆ, ಅವು ಜೀನ್‌ಗಳ ಮುಂಬಾಗಿಲಿನಲ್ಲಿರುವ ಒಂದು ಚಿಕ್ಕ ಅಕ್ಷರಸರಣಿಯನ್ನು ಗುರುತಿಸಿ ಕೂತು ನಕಲು ಕೆಲಸ ಶುರುಮಾಡಿಸುತ್ತವೆ. ಅಂದರೆ ಬರದ ಸಂಕೇತ ಮಾಡುವ ಮೊದಲ ಕೆಲಸ ತಡೆಯನ್ನು ತೆಗೆಯುವುದು. ಈ ಗ್ರಾಹಕಗಳು ಯಾವುವು ಎಂಬುದು ಗೊತ್ತಾದದ್ದು 2009ರಲ್ಲಿ. ಹಾರ್ಮೋನಿನ ಪರಿಚಯವಾದದ್ದೋ 1960ರ ದಶಕದಲ್ಲಿ, ಹತ್ತಿಯ ಎಳೆಕಾಯಿ ಉದುರುವುದೇಕೆ ಎಂದು ಹುಡುಕುತ್ತಿದ್ದವರಿಂದ. ಹೆಸರಿನಲ್ಲಿ ‘ಉದುರುವಿಕೆ’ ಅಂಟಿಕೊಂಡಿರುವುದು ಅದರಿಂದಲೇ, ಮುಂದೆ ನೋಡಿದರೆ ಎಲೆ ಉದುರಿಸುವುದು ಅದರ ಮುಖ್ಯ ಕಸುಬೇ ಅಲ್ಲ. ಇಂಥ ಸಂಗತಿ ಓದುಗನನ್ನು ಹಿಡಿದು ಕೂರಿಸುತ್ತದೆ, ‘ಸಂಕೀರ್ಣ ಜೈವಿಕ ಜಾಲ’ ಎಂಬ ಪದಪುಂಜ ಕೂರಿಸುವುದಿಲ್ಲ.

ನಿಮ್ಮ ಲೇಖನದಲ್ಲಿ ಎಲ್ಲ ಜೀನ್‌ಗಳೂ ಮೇಲಕ್ಕೇ ಏರುತ್ತವೆ. ಇಳಿಯುವವು ಎಲ್ಲಿ? ನೀರಿನ ಕೊರತೆ ತೀವ್ರವಾದಾಗ ದ್ಯುತಿಸಂಶ್ಲೇಷಣೆಗೆ ಸಂಬಂಧಿಸಿದ ಹಲವು ಜೀನ್‌ಗಳ ನಕಲು ಕಡಿಮೆಯಾಗುತ್ತದೆ, ಬೆಳವಣಿಗೆಗೆ ಸಂಬಂಧಿಸಿದವೂ ತಗ್ಗುತ್ತವೆ. ರೈತನ ಕಣ್ಣಿಗೆ ಪೈರು ‘ನಿಂತುಬಿಟ್ಟಂತೆ’ ಕಾಣುವುದು ಇದರಿಂದಲೂ ಹೌದು. ಇನ್ನು ‘ಈ ಜೀನಿನ ಅಭಿವ್ಯಕ್ತಿ ಐವತ್ತು ಪಟ್ಟು ಹೆಚ್ಚಿತು’ ಎಂದು ದಪ್ಪಕ್ಷರದಲ್ಲಿ ಬರೆದಿದ್ದೀರಿ. ಒಂದು ನಕಲು ಇದ್ದದ್ದು ಐವತ್ತಾದರೂ ಐವತ್ತು ಪಟ್ಟೇ, ಆದರೆ ಅದರ ಪಕ್ಕದಲ್ಲಿ ಐದು ಸಾವಿರ ಇದ್ದದ್ದು ಹತ್ತು ಸಾವಿರವಾದರೆ ಅದು ಬರೀ ಎರಡು ಪಟ್ಟು. ಯಾವುದು ಗಿಡಕ್ಕೆ ಹೆಚ್ಚು ಮುಖ್ಯ ಎಂದು ಪಟ್ಟಿನ ಲೆಕ್ಕ ಹೇಳುವುದಿಲ್ಲ. ಅಷ್ಟೇ ಅಲ್ಲ, ಸಾಯುತ್ತಿರುವ ಗಿಡದಲ್ಲೂ ನೂರಾರು ಜೀನ್‌ಗಳ ನಕಲು ಏರುತ್ತದೆ. ಏರಿದ್ದೆಲ್ಲ ಕಾಪಾಡುವುದಕ್ಕಾಗಿಯೇ ಏರಿತು ಎಂದು ಬಗೆಯುವುದು ಮನೆಗೆ ಬೆಂಕಿ ಬಿದ್ದಾಗ ಕೂಗಿದವರೆಲ್ಲ ನೀರು ಹೊತ್ತರು ಎಂದಂತೆ.

ತಲೆಬರಹದಲ್ಲಿರುವ ಏಕವಚನವೂ ನನಗೆ ಒಪ್ಪಿಗೆಯಿಲ್ಲ. ನೀವು ನಾಯಕನನ್ನಾಗಿ ಮಾಡಿರುವ, ಬಾಧೆ ಬಂದಾಗ ಬೇರೆ ಹಲವು ಜೀನ್‌ಗಳ ನಕಲು ಶುರುಮಾಡಿಸುವ ಡ್ರೆಬ್ ಪ್ರೋಟೀನುಗಳ ಕಥೆಯನ್ನು ಪೂರ್ತಿ ಹೇಳಿದರೆ ಅದೇ ನಿಮ್ಮ ತಲೆಬರಹವನ್ನು ಅಲ್ಲಗಳೆಯುತ್ತದೆ. ಜಪಾನಿನ ಶಿನೊಝಾಕಿ ದಂಪತಿಯ ಪ್ರಯೋಗಾಲಯಗಳಲ್ಲಿ ಅರಬಿಡಾಪ್ಸಿಸ್ ಎಂಬ ಸಾಸಿವೆ ಕುಟುಂಬದ ಪುಟ್ಟ ಕಳೆಯಲ್ಲಿ ಈ ಪ್ರೋಟೀನುಗಳು ಬೆಳಕಿಗೆ ಬಂದವು. ಡ್ರೆಬ್1ಎ ಜೀನನ್ನು ಸದಾಕಾಲ ದುಡಿಯುವಂತೆ ಮಾಡಿದಾಗ ಗಿಡಗಳು ಬರವನ್ನೂ ಚಳಿಯನ್ನೂ ತಾಳಿದವು, ಆದರೆ ಕುಬ್ಜವಾದವು. 1999ರಲ್ಲಿ ಅವರು ಅದೇ ಜೀನಿನ ಮುಂದೆ ಬಾಧೆ ಬಂದಾಗ ಮಾತ್ರ ತೆರೆಯುವ ಮುಂಬಾಗಿಲನ್ನು ಇಟ್ಟಾಗ ಕುಬ್ಜತೆ ಬಹುಮಟ್ಟಿಗೆ ತಪ್ಪಿತು. ಸದಾ ಎಚ್ಚರವಾಗಿರುವ ಗಿಡ ಬೆಳೆಯುವುದಿಲ್ಲ. ಈ ಪ್ರಯೋಗವನ್ನು ನೀವು ಉಲ್ಲೇಖಿಸಿದ್ದೀರಿ, ಆದರೆ ಕುಬ್ಜವಾದ ಸಂಗತಿಯನ್ನು ಬಿಟ್ಟಿದ್ದೀರಿ. ಬಿಟ್ಟದ್ದು ಏಕೆಂದು ಊಹಿಸಬಲ್ಲೆ: ಕಥೆಯ ನಾಯಕನಿಗೆ ಕುಂದು ಬರುತ್ತದೆ. ಕುಂದು ಬರಲಿ. ಅಷ್ಟೇ ಮುಖ್ಯವಾದದ್ದು, ಅದು ಅರಬಿಡಾಪ್ಸಿಸ್, ರಾಗಿಯಲ್ಲ. ಒಂದು ಪ್ಯಾರಾದಲ್ಲಿ ಕಳೆಯ ಮಾತು ಆಡುತ್ತ ಮುಂದಿನದರಲ್ಲಿ ‘ನಮ್ಮ ರಾಗಿಯಲ್ಲೂ ಹೀಗೆಯೇ’ ಎಂದು ದಾಟಿಬಿಡುವುದು ಸಲ್ಲದು. ಆ ಪ್ರಯೋಗಗಳಲ್ಲಿ ಎಷ್ಟೋ ಸಲ ಎಳೆಗಿಡವನ್ನು ಕಿತ್ತು ಶೋಧಕ ಕಾಗದದ ಮೇಲೆ ಒಣಗಲು ಬಿಟ್ಟು ಗಂಟೆಗಳಲ್ಲಿ ಅಳತೆ ಮಾಡಿರುತ್ತಾರೆ, ಹೊಲದಲ್ಲಾದರೆ ತೇವ ಆರುವುದಕ್ಕೆ ಎರಡು ಮೂರು ವಾರ ಹಿಡಿಯುತ್ತದೆ. ಮೆಲ್ಲನೆ ಬಂದ ಬರಕ್ಕೂ ಥಟ್ಟನೆ ಬಂದ ಬರಕ್ಕೂ ಗಿಡ ಒಂದೇ ಬಗೆಯಲ್ಲಿ ಓಗೊಡುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಬೆಳೆ ಶರೀರಕ್ರಿಯಾ ವಿಭಾಗದವರು ಮೊಳಕೆಗಳಿಗೆ ಮೊದಲು ಸಹಿಸಬಲ್ಲಷ್ಟು ಬಿಸಿ ತೋರಿಸಿ, ಆಮೇಲೆ ಮಾರಕವಾದಷ್ಟು ಬಿಸಿಗೆ ಒಡ್ಡಿ ತಳಿಗಳ ತಾಳಿಕೆಯನ್ನು ಬೇರ್ಪಡಿಸುವ ವಿಧಾನ ರೂಪಿಸಿದ್ದು ಈ ತಿಳಿವಿನಿಂದಲೇ. ಕರ್ನಾಟಕದ ಓದುಗರಿಗೆ ಬರೆಯುವ ನೀವು ಇದನ್ನು ಬಿಟ್ಟಿರುವುದು ಸೋಜಿಗ.

‘ರಾಗಿಯ ಜೀನೋಮನ್ನು ಇನ್ನೂ ಯಾರೂ ಓದಿಲ್ಲ’ ಎಂಬ, ಗಿಡದ ಪೂರ್ತಿ ಡಿಎನ್‌ಎಯ ಅಕ್ಷರಸರಣಿಯ ಕುರಿತ ವಾಕ್ಯ ಹಳೆಯ ಟಿಪ್ಪಣಿಯಿಂದ ಬಂದಿರಬೇಕು, ತೆಗೆಯಿರಿ. ಅದೇ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಎಂಎಲ್-365 ತಳಿಯ ಜೀನೋಮನ್ನು ಪ್ರಕಟಿಸಿತು. ರಾಗಿಯ 36 ವರ್ಣತಂತುಗಳು, ಅಂದರೆ ಜೀನ್‌ಗಳನ್ನು ಹೊತ್ತ ಡಿಎನ್‌ಎ ಎಳೆಗಳು, ಎರಡು ಬೇರೆ ಪೂರ್ವಜರಿಂದ ಬಂದ ಎರಡು ಕಂತೆಗಳು ಎಂಬುದನ್ನೂ ಸೇರಿಸಿ, ಏಕೆಂದರೆ ಒಂದೇ ಜೀನಿನ ಎರಡು ಜೊತೆ ಮೂಲಗಳಿರುವಾಗ ಬರದಲ್ಲಿ ಮಾತನಾಡುವುದು ಯಾವುದು ಎಂಬ ಒಳ್ಳೆಯ ಪ್ರಶ್ನೆ ಅಲ್ಲೇ ಏಳುತ್ತದೆ.

ಓದುಗನಿಗೆ ಜೀನ್ ಅಭಿವ್ಯಕ್ತಿಯ ಚಮತ್ಕಾರ ಕಣ್ಣಿಗೆ ಕಟ್ಟಬೇಕಾದರೆ ಬರಕ್ಕಿಂತ ನೆರೆಯೇ ಮೇಲೆಂದು ನನ್ನ ಅಭಿಪ್ರಾಯ. ಭತ್ತದ ಪೈರು ಪೂರ್ತಿ ಮುಳುಗಿದಾಗ ಅದರೊಳಗೆ ಹುಟ್ಟುವ ಎಥಿಲೀನ್ ಅನಿಲ ಹೊರಗೆ ಹೋಗಲಾರದೆ ಒಳಗೇ ತುಂಬಿಕೊಳ್ಳುತ್ತದೆ, ಏಕೆಂದರೆ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಅನಿಲಗಳು ನೀರಿನಲ್ಲಿ ಹರಡುತ್ತವೆ. ಸಾಮಾನ್ಯ ತಳಿ ಈ ಸಂಕೇತಕ್ಕೆ ಎದ್ದು ನೀರಿನ ಮೇಲೆ ತಲೆ ಹಾಕಲು ಎಳೆದುಕೊಂಡು ಬೆಳೆಯುತ್ತದೆ, ಇದ್ದ ಸಕ್ಕರೆಯನ್ನೆಲ್ಲ ಅದಕ್ಕೇ ಸುರಿಯುತ್ತದೆ, ನೀರು ಇಳಿದಾಗ ಬಡಕಲಾಗಿ ಬಿದ್ದುಹೋಗುತ್ತದೆ. ಒಡಿಶಾದ ನಾಟಿ ಭತ್ತದಿಂದ ಆಯ್ದ ಎಫ್‌ಆರ್13ಎ ತಳಿಯಲ್ಲಿ ಇದೇ ಎಥಿಲೀನ್ ಬೇರೊಂದು ಜೀನಿಗೆ, ಸಬ್1ಎಗೆ, ಚಾಲನೆ ಕೊಡುತ್ತದೆ. ಅದರ ಪ್ರೋಟೀನು ಉದ್ದ ಬೆಳೆಯುವ ಹಾರ್ಮೋನಿನ ಕೈಕಟ್ಟುತ್ತದೆ, ಪೈರು ಕುಳ್ಳಗೇ ಉಸಿರು ಬಿಗಿಹಿಡಿದು ಎರಡು ವಾರದವರೆಗೂ ಕೂರುತ್ತದೆ. ನೀರು ಇಳಿದ ಮೇಲೆ ಗರಿಗಳು ಕೊಳೆತು ಕೆಸರಿಗೆ ಅಂಟಿದ್ದರೂ ಬುಡವನ್ನು ಉಗುರಿನಿಂದ ಗೀರಿ ನೋಡಿದರೆ ಒಳಗೆ ಹಸಿರಿರುತ್ತದೆ, ಅಲ್ಲಿಂದಲೇ ಹೊಸ ಸುಳಿ ಏಳುತ್ತದೆ. ಈ ಜೀನನ್ನು 2006ರಲ್ಲಿ ಗುರುತಿಸಿದರು. ಅದನ್ನು ಅಡ್ಡತಳಿಯ ದಾರಿಯಲ್ಲೇ ಜನಪ್ರಿಯ ಸ್ವರ್ಣ ಭತ್ತಕ್ಕೆ ತಂದು, ಸ್ವರ್ಣ-ಸಬ್1 ಎಂದು 2009ರಲ್ಲಿ ಭಾರತದಲ್ಲಿ ಬಿಡುಗಡೆ ಮಾಡಿದರು. ಅದೇ 2009ರಲ್ಲಿ ಜಪಾನಿನ ಸಂಶೋಧಕರು ಆಳನೀರಿನ ಭತ್ತದಲ್ಲಿ ಸ್ನಾರ್ಕೆಲ್ ಎಂಬ ಎರಡು ಜೀನ್‌ಗಳನ್ನು ಕಂಡರು: ಅದೇ ಎಥಿಲೀನ್, ಅದೇ ಕುಟುಂಬದ ಪ್ರೋಟೀನುಗಳು, ಆದರೆ ಫಲ ತದ್ವಿರುದ್ಧ, ಪೈರು ದಿನಕ್ಕೆ ಇಪ್ಪತ್ತು ಸೆಂಟಿಮೀಟರಿಗೂ ಮಿಕ್ಕಿ ಎದ್ದು ನಿಲ್ಲಬಲ್ಲದು. ವಾರದಲ್ಲಿ ಇಳಿಯುವ ನೆರೆಗೆ ಮೊದಲನೆಯದು ಸರಿ, ತಿಂಗಳುಗಟ್ಟಲೆ ನಿಲ್ಲುವ ನೀರಿಗೆ ಎರಡನೆಯದು. ರಾಗಿಯನ್ನು ಬಿಟ್ಟು ಇದನ್ನೇ ಬರೆಯಿರಿ ಎನ್ನುತ್ತಿಲ್ಲ. ಒಂದೂವರೆ ಪುಟ ಇದಕ್ಕೆ ಕೊಟ್ಟರೆ ನಿಮ್ಮ ರಾಗಿಯ ಮಾತಿಗೂ ಬಲ ಬರುತ್ತದೆ.

ಹನ್ನೆರಡನೆಯ ಪುಟದಲ್ಲಿ ಬರ ಕಂಡ ಗಿಡ ತನ್ನ ಮಕ್ಕಳಿಗೆ ಅದನ್ನು ‘ಕಲಿಸಿ ಹೋಗುತ್ತದೆ’ ಎಂದಿದ್ದೀರಿ. ಒಮ್ಮೆ ಬಾಧೆ ಕಂಡ ಗಿಡ ಎರಡನೆಯ ಸಲ ಬೇಗ ಓಗೊಡುವುದು ನಿಜ. ಪೀಳಿಗೆ ದಾಟುವ ಮಾತು ಇನ್ನೂ ವಾದದಲ್ಲಿದೆ. ಆ ಪ್ಯಾರಾ ಬೇಡ.

ಪದಗಳ ವಿಷಯ. ಒಂದೇ ವಸ್ತುವನ್ನು ಜೀನ್, ವಂಶವಾಹಿ, ಗುಣಾಣು ಎಂದು ಮೂರು ಹೆಸರಿನಲ್ಲಿ ಕರೆದಿದ್ದೀರಿ, ಒಂದು ಕಡೆ ವರ್ಣತಂತು ಎಂದೂ ಬರೆದಿದ್ದೀರಿ. ಅದು ಬೇರೆಯದೇ ವಸ್ತು. ಜೀನ್ ಸಾಕು, ಹಳ್ಳಿಯ ಬೀಜದಂಗಡಿಯಲ್ಲೂ ಆ ಪದ ನಡೆಯುತ್ತದೆ. ‘ಅಭಿವ್ಯಕ್ತಿ’ ಎಂದೊಡನೆ ನಮ್ಮ ಓದುಗನಿಗೆ ಸ್ವಾತಂತ್ರ್ಯ ನೆನಪಾಗುತ್ತದೆ, ಆದ್ದರಿಂದ ಮೊದಲ ಸಲ ಬಂದಲ್ಲಿ ನಿಂತು ವಿವರಿಸಿ. ‘ಒತ್ತಡ’ ಎಂಬುದು ಪಠ್ಯಪುಸ್ತಕದ ಅನುವಾದ, ಗದ್ದೆಯಲ್ಲಿ ಅದನ್ನು ಯಾರೂ ಆಡುವುದಿಲ್ಲ. ಕೀಟಬಾಧೆ, ರೋಗಬಾಧೆ ಎನ್ನುವವರಿಗೆ ‘ಬಾಧೆ’ ಒಗ್ಗುತ್ತದೆ. ಆದರೆ ಉತ್ಸಾಹದಲ್ಲಿ ನೆರೆಯನ್ನು ‘ಜಲಬಾಧೆ’ ಎಂದೀರಿ ಜೋಕೆ, ಓದುಗರು ಎದ್ದು ಹಿತ್ತಿಲಿಗೆ ಹೋದಾರು.

ಹಸ್ತಪ್ರತಿಯನ್ನು ಪೆನ್ಸಿಲ್ ಗುರುತುಗಳೊಡನೆ ಹಿಂದಿರುಗಿಸಿದ್ದೇನೆ. ಎಂಟು ಪುಟಕ್ಕೆ ಇಳಿಸಿ, ಐದನೆಯ ಪುಟದಿಂದ ಶುರುಮಾಡಿ ಮತ್ತೆ ಕಳುಹಿಸಿ, ಮುಂಗಾರಿಗೆ ಮುಂಚೆ ಬಂದರೆ ಒಳ್ಳೆಯದು. ನಿಮ್ಮ ತಾಯಿಯವರ ಹೊಲದಲ್ಲಿರುವ ತಳಿ ಯಾವುದೆಂದು ಎಲ್ಲೂ ಬರೆದಿಲ್ಲ. ಜಿಪಿಯು-28 ಇರಬಹುದೆಂದು ನನ್ನ ಊಹೆ. ಕೇಳಿ ಬರೆಯಿರಿ, ಆ ದಿನ ಗರಿ ಸುರುಳಿ ಸುತ್ತಿದಾಗ ಮಳೆ ಹೋಗಿ ಎಷ್ಟು ದಿನವಾಗಿತ್ತು ಎಂಬುದನ್ನೂ.

ಇಂತು,
ಸಂಪಾದಕ